ಮರ ಬಿದ್ದು ಸತ್ತರೆ ಪಾಲಿಕೆ ಪರಿಹಾರ ಕೊಡಬೇಕೇ? ನಿರ್ಲಕ್ಷ್ಯ ಕಾನೂನಿನ 'ಎಚ್ಚರಿಕೆಯ ಕರ್ತವ್ಯ' ಎಂದರೇನು? ಇಲ್ಲಿದೆ ವಿವರ

1964ರ ಆಗಸ್ಟ್ ತಿಂಗಳು. ದೆಹಲಿಯಲ್ಲಿ ಸ್ಕೂಟರ್ ಮೇಲೆ ಹೋಗುತ್ತಿದ್ದ ವ್ಯಾಪಾರಿಯೊಬ್ಬರ ಮೇಲೆ ರಸ್ತೆ ಬದಿಯ ಬೇವಿನ ಮರದ ಕೊಂಬೆ ಮುರಿದು ಬಿತ್ತು. ಅವರು ಮೃತಪಟ್ಟರು. 1975ರ ಮಾರ್ಚ್‌ನಲ್ಲಿ ಗುಜರಾತ್‌ನ ರಾಜ್‌ಕೋಟ್‌ನಲ್ಲಿ ಕಚೇರಿಗೆ ನಡೆದು ಹೋಗುತ್ತಿದ್ದ ನೌಕರರೊಬ್ಬರ ಮೇಲೆ ಮರ ಉರುಳಿತು. ಅವರೂ ಮೃತಪಟ್ಟರು.

ಎರಡೂ ಕಡೆ ಮರ ಪಾಲಿಕೆಯದ್ದು. ಎರಡೂ ಕಡೆ ಸತ್ತವರದು ಏನೂ ತಪ್ಪಿರಲಿಲ್ಲ. ಎರಡೂ ಕುಟುಂಬಗಳು ಪಾಲಿಕೆಯ ವಿರುದ್ಧ ಕೋರ್ಟ್‌ಗೆ ಹೋದವು, ಎರಡೂ ಪ್ರಕರಣಗಳು ಸುಪ್ರೀಂ ಕೋರ್ಟ್‌ವರೆಗೆ ಬಂದವು. ಆದರೆ ದೆಹಲಿಯ ಕುಟುಂಬ ಗೆದ್ದಿತು, ರಾಜ್‌ಕೋಟ್‌ನ ಕುಟುಂಬ ಸೋತಿತು.

ಹೀಗೇಕಾಯಿತು? ಉತ್ತರ ಇರುವುದು ಕಾನೂನಿನ ಒಂದು ಪರಿಕಲ್ಪನೆಯಲ್ಲಿ. ಅದರ ಹೆಸರು 'ಡ್ಯೂಟಿ ಆಫ್ ಕೇರ್', ಅಂದರೆ ಎಚ್ಚರಿಕೆಯ ಕರ್ತವ್ಯ. ಮ್ಯಾನ್‌ಹೋಲ್, ರಸ್ತೆ ಗುಂಡಿ, ಹೋರ್ಡಿಂಗ್, ಕರೆಂಟ್ ತಂತಿ, ಆಸ್ಪತ್ರೆ, ಶಾಲೆ, ಸಿನಿಮಾ ಮಂದಿರ ಹೀಗೆ ಎಲ್ಲಿ ಅವಘಡವಾದರೂ ಪರಿಹಾರದ ಪ್ರಶ್ನೆ ಕೊನೆಗೆ ಬಂದು ನಿಲ್ಲುವುದು ಇಲ್ಲಿಯೇ.

ಏನಿದು ಎಚ್ಚರಿಕೆಯ ಕರ್ತವ್ಯ?

ಸಾಮಾನ್ಯ ಮಾತಿನಲ್ಲಿ ನಿರ್ಲಕ್ಷ್ಯ ಎಂದರೆ ಅಜಾಗರೂಕತೆ. ಕಾನೂನಿನಲ್ಲಿ ಅಷ್ಟೇ ಸಾಲದು. ನಷ್ಟ ಅನುಭವಿಸಿದವರು ಮೂರು ಸಂಗತಿಗಳನ್ನು ತೋರಿಸಬೇಕು. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇವನ್ನೇ ನಿರ್ಲಕ್ಷ್ಯದ ಅಂಗಗಳು ಎಂದು ಹೇಳಿದೆ.

ಒಂದು, ಎದುರು ಪಕ್ಷಕ್ಕೆ ನಿಮ್ಮ ವಿಷಯದಲ್ಲಿ ಎಚ್ಚರ ವಹಿಸುವ ಕರ್ತವ್ಯ ಇತ್ತು.
ಎರಡು, ಆ ಕರ್ತವ್ಯವನ್ನು ಅವರು ಪಾಲಿಸಲಿಲ್ಲ.
ಮೂರು, ಅದರಿಂದಲೇ ನಿಮಗೆ ಹಾನಿಯಾಯಿತು.

ಮೊದಲನೆಯದೇ ಇಲ್ಲದಿದ್ದರೆ ಉಳಿದೆರಡರ ಮಾತೇ ಬರುವುದಿಲ್ಲ. ಉದಾಹರಣೆಗೆ, ಕೆರೆಯಲ್ಲಿ ಅಪರಿಚಿತನೊಬ್ಬ ಮುಳುಗುತ್ತಿದ್ದಾನೆ, ದಡದಲ್ಲಿ ನಿಂತವನಿಗೆ ಈಜು ಬರುತ್ತದೆ, ಆದರೂ ಸುಮ್ಮನಿದ್ದ ಎಂದುಕೊಳ್ಳಿ. ಅದು ಅಮಾನವೀಯ. ಆದರೆ ಅವರಿಬ್ಬರ ನಡುವೆ ಬೇರೆ ಸಂಬಂಧವಿಲ್ಲದಿದ್ದರೆ ಆತನ ಮೇಲೆ ನಿರ್ಲಕ್ಷ್ಯದ ದಾವೆ ನಿಲ್ಲುವುದಿಲ್ಲ. ಅದೇ ಜಾಗದಲ್ಲಿ ಮಕ್ಕಳನ್ನು ಪಿಕ್ನಿಕ್‌ಗೆ ಕರೆತಂದ ಶಿಕ್ಷಕ ಇದ್ದರೆ ಕತೆಯೇ ಬೇರೆ.

ಇದು ಕಾಲ್ಪನಿಕ ಉದಾಹರಣೆಯಷ್ಟೇ ಅಲ್ಲ. 1995ರ ಮೇ ತಿಂಗಳಲ್ಲಿ ಪಠಾಣ್‌ಕೋಟ್ ಬಳಿಯ ಶಾಲೆಯೊಂದರಿಂದ ಪಿಕ್ನಿಕ್‌ಗೆ ಹೋದ 14 ಮಕ್ಕಳು ಬಿಯಾಸ್ ನದಿಯಲ್ಲಿ ಮುಳುಗಿ ಸತ್ತರು. ಹೆತ್ತವರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂಬ ಆದೇಶವನ್ನು 2001ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಕ್ಕಳನ್ನು ವಶಕ್ಕೆ ತೆಗೆದುಕೊಂಡವರಿಗೆ ಅವರ ಸುರಕ್ಷತೆಯ ಹೊಣೆಯೂ ಬರುತ್ತದೆ.

ಕೆಲವೆಡೆ ಈ ಕರ್ತವ್ಯವನ್ನು ಕಾಯ್ದೆಯೇ ಹೇರುತ್ತದೆ. ರಸ್ತೆಯಲ್ಲಿ ಬಿದ್ದವರಿಗೆ ದಾರಿಹೋಕರು ನೆರವಾಗಲೇಬೇಕು ಎಂಬ ಸಾಮಾನ್ಯ ನಿಯಮವಿಲ್ಲ. ಆದರೆ ಅಪಘಾತ ಮಾಡಿದ ವಾಹನದ ಚಾಲಕ ಗಾಯಾಳುವಿಗೆ ಚಿಕಿತ್ಸೆ ಕೊಡಿಸಲು ಯತ್ನಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134 ಹೇಳುತ್ತದೆ. ನೆರವಿಗೆ ಬಂದ ದಾರಿಹೋಕರಿಗೆ ಅದೇ ಕಾಯ್ದೆಯ ಸೆಕ್ಷನ್ 134ಎ ರಕ್ಷಣೆ ಕೊಡುತ್ತದೆ.

ಎಲ್ಲಾ ಶುರುವಾಗಿದ್ದು ಒಂದು ಬಾಟಲಿಯಿಂದ

ಈ ಕಾನೂನಿನ ಇಂದಿನ ರೂಪದ ಮೂಲ ಸ್ಕಾಟ್ಲೆಂಡ್‌ನಲ್ಲಿದೆ. 1928ರ ಆಗಸ್ಟ್ 26ರಂದು ಪೈಸ್ಲಿ ಪಟ್ಟಣದ ಕೆಫೆಯೊಂದಕ್ಕೆ ಮೇ ಡೊನೊಹ್ಯೂ ಎಂಬ ಮಹಿಳೆ ಗೆಳತಿಯೊಂದಿಗೆ ಹೋಗಿದ್ದರು. ಗೆಳತಿ ಆಕೆಗೆ ಜಿಂಜರ್ ಬಿಯರ್ ತರಿಸಿಕೊಟ್ಟರು. ಬಾಟಲಿ ಕಂದು ಬಣ್ಣದ್ದು, ಒಳಗೇನಿದೆ ಎಂಬುದು ಕಾಣುತ್ತಿರಲಿಲ್ಲ. ಅರ್ಧ ಕುಡಿದ ಮೇಲೆ ಉಳಿದದ್ದನ್ನು ಸುರಿದಾಗ ಕೊಳೆತ ಬಸವನಹುಳು ಹೊರಬಿತ್ತು, ತಾನು ಕಾಯಿಲೆ ಬಿದ್ದೆ ಎಂಬುದು ಆಕೆಯ ದೂರು.

ಸಮಸ್ಯೆ ಏನೆಂದರೆ, ಪಾನೀಯಕ್ಕೆ ದುಡ್ಡು ಕೊಟ್ಟಿದ್ದು ಗೆಳತಿ. ಕೆಫೆಯೊಂದಿಗೆ ಡೊನೊಹ್ಯೂ ಅವರಿಗೆ ಯಾವ ಒಪ್ಪಂದವೂ ಇರಲಿಲ್ಲ, ತಯಾರಕನ ಜೊತೆಗಂತೂ ಇರಲೇ ಇಲ್ಲ. ಒಪ್ಪಂದ ಇಲ್ಲದ ಮೇಲೆ ತಯಾರಕನಿಗೆ ಹೊಣೆ ಇಲ್ಲ ಎಂಬುದೇ ಅಂದಿನ ಸಾಮಾನ್ಯ ನಿಲುವು.

1932ರ ಮೇ 26ರಂದು ಬ್ರಿಟನ್‌ನ ಹೌಸ್ ಆಫ್ ಲಾರ್ಡ್ಸ್ 3-2 ಬಹುಮತದಿಂದ ಆ ನಿಲುವನ್ನು ಬದಲಿಸಿತು. ನಿಮ್ಮ ಕೆಲಸದಿಂದ ಯಾರಿಗೆ ಪೆಟ್ಟು ಬೀಳಬಹುದು ಎಂದು ನೀವು ಮೊದಲೇ ಊಹಿಸಬಹುದೋ ಅವರೆಲ್ಲ ಕಾನೂನಿನ ಕಣ್ಣಿನಲ್ಲಿ ನಿಮ್ಮ 'ನೆರೆಯವರು', ಅವರ ವಿಷಯದಲ್ಲಿ ನೀವು ಎಚ್ಚರದಿಂದಿರಬೇಕು. ಇದು ಲಾರ್ಡ್ ಆಟ್ಕಿನ್ ಬರೆದ ತೀರ್ಪಿನ ಸಾರ. ಮನೆ ಪಕ್ಕದಲ್ಲಿ ಇರುವವರು ಮಾತ್ರ ನೆರೆಯವರಲ್ಲ, ಬಾಟಲಿ ಯಾರ ಕೈಗೆ ಹೋಗುತ್ತದೋ ಅವರೂ ನೆರೆಯವರೇ.

ಬಾಟಲಿಯಲ್ಲಿ ಬಸವನಹುಳು ನಿಜವಾಗಿ ಇತ್ತೇ? ಅದು ಕೊನೆಗೂ ಸಾಬೀತಾಗಲಿಲ್ಲ. ಇಂಥ ದಾವೆ ಹೂಡಬಹುದೇ ಎಂಬ ಕಾನೂನು ಪ್ರಶ್ನೆಯನ್ನಷ್ಟೇ ಲಾರ್ಡ್ಸ್ ತೀರ್ಮಾನಿಸಿದ್ದರು. ನಂತರ ಪ್ರಕರಣ ವಿಚಾರಣೆಗೆ ಹೋಗದೆ ರಾಜಿಯಲ್ಲಿ ಮುಗಿಯಿತು.

ಎಲ್ಲರೂ ನೆರೆಯವರೇ? ಮಿತಿ ಎಲ್ಲಿ?

ಊಹಿಸಬಹುದಾದ ಹಾನಿಗೆಲ್ಲ ಹೊಣೆ ಎಂದರೆ ದಾವೆಗಳಿಗೆ ಕೊನೆಯೇ ಇರುವುದಿಲ್ಲ. ಹಾಗಾಗಿ ಕೋರ್ಟ್‌ಗಳು ಗೆರೆ ಎಳೆಯುತ್ತಾ ಬಂದಿವೆ. 1942ರಲ್ಲಿ ತೀರ್ಮಾನವಾದ ಎಡಿನ್‌ಬರೋ ನಗರದ ಪ್ರಕರಣ ನೋಡಿ. ಬೈಕ್ ಸವಾರನೊಬ್ಬ ಕಾರಿಗೆ ಗುದ್ದಿ ಸತ್ತ. ಸ್ವಲ್ಪ ದೂರದಲ್ಲಿ ಟ್ರಾಮ್‌ನ ಮರೆಯಲ್ಲಿದ್ದ ಗರ್ಭಿಣಿಯೊಬ್ಬರು ಆ ಸದ್ದು ಕೇಳಿ, ನಂತರ ರಕ್ತ ಕಂಡು ಆಘಾತಕ್ಕೆ ಒಳಗಾದರು. ಬೈಕ್ ಸವಾರನಿಗೆ ಆಕೆಯ ವಿಷಯದಲ್ಲಿ ಕರ್ತವ್ಯ ಇರಲಿಲ್ಲ ಎಂದು ಲಾರ್ಡ್ಸ್ ಹೇಳಿದರು. ಅಲ್ಲಿದ್ದ ಆಕೆಗೆ ಇಂಥ ಹಾನಿಯಾಗಬಹುದೆಂದು ಸವಾರ ಊಹಿಸಲು ಸಾಧ್ಯವಿರಲಿಲ್ಲ ಎಂಬುದು ಕಾರಣ.

1990ರ ಕಪಾರೋ ಪ್ರಕರಣದಲ್ಲಿ ಇಂಗ್ಲಿಷ್ ಕೋರ್ಟ್ ಮೂರು ಪ್ರಶ್ನೆಗಳನ್ನು ಮುಂದಿಟ್ಟಿತು. ಹಾನಿಯನ್ನು ಮುಂಚೆಯೇ ಊಹಿಸಬಹುದಿತ್ತೇ? ಇಬ್ಬರ ನಡುವೆ ಸಾಕಷ್ಟು ಹತ್ತಿರದ ಸಂಬಂಧ ಇತ್ತೇ? ಹೊಣೆ ಹೊರಿಸುವುದು ನ್ಯಾಯಯುತವೂ ಸಮಂಜಸವೂ ಆಗಿದೆಯೇ? ಭಾರತದ ಕೋರ್ಟ್‌ಗಳೂ ಈ ಪ್ರಶ್ನೆಗಳನ್ನು ಬಳಸಿವೆ. ರಾಜ್‌ಕೋಟ್ ಮರದ ಪ್ರಕರಣದ ಮೇಲೆ ಇವುಗಳ ಪ್ರಭಾವ ದೊಡ್ಡದು.

ಭಾರತದಲ್ಲಿ: ಚಾಂದನಿ ಚೌಕ್‌ನ ಗಡಿಯಾರ ಗೋಪುರ

ನಮ್ಮಲ್ಲಿ ನಿರ್ಲಕ್ಷ್ಯದ ಪರಿಹಾರಕ್ಕೆಂದೇ ಸಮಗ್ರ ಕಾಯ್ದೆ ಇಲ್ಲ. ಬ್ರಿಟಿಷರ ಕಾಲದಿಂದ ಬಂದ ಟಾರ್ಟ್ ಕಾನೂನು, ಕೋರ್ಟ್ ತೀರ್ಪುಗಳು ಮತ್ತು ಆಯಾ ಕ್ಷೇತ್ರದ ಕಾಯ್ದೆಗಳು ಸೇರಿ ಇದನ್ನು ರೂಪಿಸಿವೆ. ಹಾಗಾಗಿ ಹಳೆಯ ತೀರ್ಪುಗಳೇ ಇಲ್ಲಿ ದಾರಿದೀಪ.

ಅವುಗಳಲ್ಲಿ ಮುಖ್ಯವಾದದ್ದು ದೆಹಲಿಯ ಗಡಿಯಾರ ಗೋಪುರದ ಪ್ರಕರಣ. ಚಾಂದನಿ ಚೌಕ್‌ನ ಟೌನ್ ಹಾಲ್ ಎದುರಿದ್ದ ಗೋಪುರ 1951ರಲ್ಲಿ ಕುಸಿದು ಮೂವರು ಸತ್ತರು. ಗೋಪುರಕ್ಕೆ ಆಗ ಸುಮಾರು 80 ವರ್ಷ. ಅದರ ಗಾರೆಯ ಬಾಳಿಕೆ 40ರಿಂದ 45 ವರ್ಷ ಮಾತ್ರ ಎಂದು ಸಾಕ್ಷ್ಯದಲ್ಲಿ ಬಂತು. ಹೊರಗಿನಿಂದ ದೋಷ ಕಾಣುತ್ತಿರಲಿಲ್ಲ ಎಂಬುದು ಪಾಲಿಕೆಯ ವಾದ.

1966ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಜನ ಓಡಾಡುವ ರಸ್ತೆಗೆ ಹೊಂದಿಕೊಂಡ ಕಟ್ಟಡದ ಮಾಲೀಕ ಅದನ್ನು ಸುರಕ್ಷಿತವಾಗಿ ಇಡಬೇಕು, ಕಣ್ಣಿಗೆ ಕಾಣದ ದೋಷವನ್ನೂ ಪರೀಕ್ಷೆ ಮಾಡಿ ಕಂಡುಕೊಳ್ಳಬೇಕು ಎಂದಿತು. ಗೋಪುರ ತಾನಾಗಿ ಬೀಳುವಂಥದ್ದಲ್ಲ. ಅದು ಬಿದ್ದಿದೆ ಎಂದರೆ ಅದೇ ನಿರ್ಲಕ್ಷ್ಯಕ್ಕೆ ಮೇಲ್ನೋಟದ ಸಾಕ್ಷಿ. ತನ್ನ ತಪ್ಪಿಲ್ಲ ಎಂದು ವಿವರಿಸುವ ಭಾರ ಮಾಲೀಕನ ಮೇಲೆ ಬೀಳುತ್ತದೆ. ವಕೀಲರು 'ರೆಸ್ ಇಪ್ಸಾ ಲೊಕ್ವಿಟರ್' ಎನ್ನುವುದು ಇದಕ್ಕೇ. ಘಟನೆ ತಾನೇ ಮಾತಾಡುತ್ತದೆ ಎಂದು ಅದರ ಅರ್ಥ.

ಎರಡು ಮರ, ಎರಡು ತೀರ್ಪು

ಈಗ ಮರಗಳ ಪ್ರಕರಣಕ್ಕೆ ಬರೋಣ. ರಾಜ್‌ಕೋಟ್‌ನಲ್ಲಿ ಕೆಳ ಕೋರ್ಟ್ ಮತ್ತು ಹೈಕೋರ್ಟ್ ಕುಟುಂಬದ ಪರ ತೀರ್ಪು ಕೊಟ್ಟಿದ್ದವು. 1997ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಮರದಲ್ಲಿ ರೋಗ ಇತ್ತು, ಅದು ಬೀಳುವ ಹಾಗಿತ್ತು, ಪಾಲಿಕೆಗೆ ಇದು ಗೊತ್ತಿತ್ತು ಅಥವಾ ಗೊತ್ತಾಗಬೇಕಿತ್ತು ಎಂಬುದಕ್ಕೆ ಆಧಾರ ಇರಲಿಲ್ಲ. ನಗರದ ಪ್ರತಿಯೊಂದು ಮರವನ್ನೂ ಸದಾ ಪರೀಕ್ಷಿಸುತ್ತಿರಬೇಕು ಎಂಬ ಕರ್ತವ್ಯವನ್ನು ಸ್ಥಳೀಯ ಸಂಸ್ಥೆಯ ಮೇಲೆ ಹೇರುವುದು ನ್ಯಾಯಯುತವಲ್ಲ ಎಂದು ಕೋರ್ಟ್ ಭಾವಿಸಿತು.

ಎರಡು ವರ್ಷದ ನಂತರ, 1999ರಲ್ಲಿ, ದೆಹಲಿಯ ಬೇವಿನ ಕೊಂಬೆ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್ ಪಾಲಿಕೆಯನ್ನು ಹೊಣೆ ಮಾಡಿತು. ಆ ಮರ ಒಣಗಿ ಸತ್ತಿತ್ತು. ತೊಗಟೆ ಇರಲಿಲ್ಲ, ಎಲೆ ಇರಲಿಲ್ಲ. ನೋಡಿದ ಯಾರಿಗಾದರೂ ಅಪಾಯ ಗೊತ್ತಾಗುತ್ತಿತ್ತು. ತೋಟಗಾರಿಕೆ ಸಿಬ್ಬಂದಿಯನ್ನು ಇಟ್ಟುಕೊಂಡಿರುವ ಪಾಲಿಕೆಗೆ ಅದು ಗೊತ್ತಾಗದೆ ಹೋದರೆ ಅದೇ ನಿರ್ಲಕ್ಷ್ಯ.

ಅಂದರೆ ಕೋರ್ಟ್ ಕೇಳುವ ಪ್ರಶ್ನೆ ಮರ ಯಾರದ್ದು ಎಂಬುದಷ್ಟೇ ಅಲ್ಲ. ಅಪಾಯ ಮೊದಲೇ ಗೊತ್ತಿತ್ತೇ, ಸಾಮಾನ್ಯ ಎಚ್ಚರ ಇದ್ದಿದ್ದರೆ ಗೊತ್ತಾಗುತ್ತಿತ್ತೇ ಎಂಬುದು ನಿರ್ಣಾಯಕ. ನಿಮ್ಮ ಬೀದಿಯಲ್ಲಿ ಒಣಗಿದ ಮರ, ಬಾಗಿದ ಕಂಬ, ಮುಚ್ಚಳ ಇಲ್ಲದ ಮ್ಯಾನ್‌ಹೋಲ್ ಇದ್ದರೆ ಪಾಲಿಕೆಯ ಆ್ಯಪ್‌ನಲ್ಲೋ ವಾರ್ಡ್ ಕಚೇರಿಯಲ್ಲೋ ದೂರು ದಾಖಲಿಸಿ ಸಂಖ್ಯೆ ಪಡೆಯುವುದಕ್ಕೆ ಇದೇ ಕಾರಣ. ದೂರು ಬಂದ ದಿನದಿಂದ 'ನಮಗೆ ಗೊತ್ತಿರಲಿಲ್ಲ' ಎಂಬ ಮಾತು ನಡೆಯುವುದಿಲ್ಲ. ಆ ದೂರಿನ ಬಲ ಮುಂದೆ ಪೆಟ್ಟು ತಿನ್ನುವ ಅಪರಿಚಿತರ ಕುಟುಂಬಕ್ಕೂ ಸಿಗಬಹುದು.

ಉಪಹಾರ್ ದುರಂತ: ಒಬ್ಬರಿಗಿಂತ ಹೆಚ್ಚು ಜನ ಹೊಣೆಯಾದಾಗ

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಬಿದ್ದು 59 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಕೆಳಗಿನ ಪಾರ್ಕಿಂಗ್ ಮಹಡಿಯ ಟ್ರಾನ್ಸ್‌ಫಾರ್ಮರ್‌ನಿಂದ ಶುರುವಾದ ಬೆಂಕಿಯ ಹೊಗೆ ಮೇಲಕ್ಕೇರಿತು. ಬಾಲ್ಕನಿಯಲ್ಲಿ ಹೆಚ್ಚುವರಿ ಸೀಟು ಹಾಕಿ ಹೊರಹೋಗುವ ದಾರಿಗೆ ಅಡ್ಡಿ ಮಾಡಲಾಗಿತ್ತು.

2011ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರಮಂದಿರದ ಮಾಲೀಕರ ಮೇಲೆ ಶೇ. 85, ದೆಹಲಿ ವಿದ್ಯುತ್ ಮಂಡಳಿ ಮೇಲೆ ಶೇ. 15 ಹೊಣೆ ಹೊರಿಸಿತು. 20 ವರ್ಷ ಮೀರಿದ ಮೃತರ ಕುಟುಂಬಕ್ಕೆ 10 ಲಕ್ಷ, 20ಕ್ಕಿಂತ ಚಿಕ್ಕವರಿಗೆ 7.5 ಲಕ್ಷ ರೂಪಾಯಿ ನಿಗದಿಯಾಯಿತು. ಹೈಕೋರ್ಟ್ ಕೊಟ್ಟಿದ್ದು ಇದಕ್ಕಿಂತ ಹೆಚ್ಚು, 18 ಲಕ್ಷ ಮತ್ತು 15 ಲಕ್ಷ. ಪಾಲಿಕೆ ಮತ್ತು ಪರವಾನಗಿ ಕೊಟ್ಟ ಪ್ರಾಧಿಕಾರ ಪರಿಹಾರ ಕೊಡಬೇಕಿಲ್ಲ ಎಂದೂ ಕೋರ್ಟ್ ಹೇಳಿತು. ಪರವಾನಗಿ ಕೊಡುವವರು ತಮ್ಮ ಕೆಲಸದಲ್ಲಿ ಎಡವಿದರೆಂಬ ಒಂದೇ ಕಾರಣಕ್ಕೆ ಅವರನ್ನು ಪರಿಹಾರಕ್ಕೆ ಎಳೆಯುವುದು ಇಂದಿಗೂ ಕಷ್ಟ.

ಕರೆಂಟ್ ವಿಷಯದಲ್ಲಿ ನಿಯಮ ಕಠಿಣ

ಕೆಲವು ಚಟುವಟಿಕೆಗಳು ಸ್ವಭಾವದಿಂದಲೇ ಅಪಾಯಕಾರಿ. ಅಲ್ಲಿ ಎಚ್ಚರ ವಹಿಸಿದ್ದೆವು ಎಂಬ ಸಮರ್ಥನೆ ನಡೆಯುವುದಿಲ್ಲ. ಮಧ್ಯಪ್ರದೇಶದಲ್ಲಿ 1997ರ ಆಗಸ್ಟ್‌ನ ಮಳೆಯ ರಾತ್ರಿ ಕಾರ್ಖಾನೆಯಿಂದ ಸೈಕಲ್ ಮೇಲೆ ಮನೆಗೆ ಮರಳುತ್ತಿದ್ದ ಕಾರ್ಮಿಕರೊಬ್ಬರು ರಸ್ತೆಯ ನೀರಿನಲ್ಲಿ ಬಿದ್ದಿದ್ದ ವಿದ್ಯುತ್ ತಂತಿ ತಗುಲಿ ಸತ್ತರು. ಯಾರೋ ಕರೆಂಟ್ ಕದಿಯಲು ಎಳೆದ ತಂತಿ ಅದು, ನಮ್ಮ ತಪ್ಪಿಲ್ಲ ಎಂದು ವಿದ್ಯುತ್ ಮಂಡಳಿ ವಾದಿಸಿತು. ಇಷ್ಟು ಅಪಾಯಕಾರಿ ವಸ್ತುವನ್ನು ಪೂರೈಸುವವರು ಇಂಥ ಕಳ್ಳತನವನ್ನೂ ತಡೆಯಬೇಕು ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಪರಿಹಾರವನ್ನು ಎತ್ತಿಹಿಡಿಯಿತು.

ವಿಷಾನಿಲದಂಥ ಅಪಾಯಕಾರಿ ಉದ್ದಿಮೆಗಳಿಗೆ ನಿಯಮ ಇನ್ನೂ ಬಿಗಿ. 1985ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಓಲಿಯಂ ಅನಿಲ ಸೋರಿಕೆಯಾದ ಬಳಿಕ, 1986ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಉದ್ದಿಮೆಗಳಿಗೆ ವಿನಾಯಿತಿಯೇ ಇಲ್ಲದ ಸಂಪೂರ್ಣ ಹೊಣೆಯ ತತ್ವವನ್ನು ರೂಪಿಸಿತು.

ವೈದ್ಯರು ಮತ್ತು ಆಸ್ಪತ್ರೆ

ವೈದ್ಯರ ಕರ್ತವ್ಯ ಯಾವಾಗ ಶುರುವಾಗುತ್ತದೆ? ಪುಣೆಯಿಂದ ಬಂದ ಹಳೆಯ ಪ್ರಕರಣವೇ ಇದಕ್ಕೆ ಉತ್ತರ ಕೊಟ್ಟಿದೆ. 1953ರ ಮೇ ತಿಂಗಳಲ್ಲಿ ರತ್ನಗಿರಿಯ ಸಮುದ್ರ ತೀರದಲ್ಲಿ ತೊಡೆ ಮೂಳೆ ಮುರಿದುಕೊಂಡ 20 ವರ್ಷದ ಯುವಕನನ್ನು ಪುಣೆಯ ಆಸ್ಪತ್ರೆಗೆ ತರಲಾಯಿತು. ಸರಿಯಾದ ಅರಿವಳಿಕೆ ಕೊಡದೆ ಬಲ ಹಾಕಿ ಮೂಳೆ ಕೂಡಿಸಲಾಯಿತು ಎಂಬುದು ದೂರು. ಅದೇ ದಿನ ರಾತ್ರಿ ಯುವಕ ತೀರಿಕೊಂಡ. ತಂದೆಗೆ 3,000 ರೂಪಾಯಿ ಪರಿಹಾರ ಮಂಜೂರಾಯಿತು.

ಆ ತೀರ್ಪನ್ನು ಎತ್ತಿಹಿಡಿಯುವಾಗ ಸುಪ್ರೀಂ ಕೋರ್ಟ್ ವೈದ್ಯರ ಮೂರು ಕರ್ತವ್ಯಗಳನ್ನು ಹೇಳಿತು. ರೋಗಿಯನ್ನು ತೆಗೆದುಕೊಳ್ಳಬೇಕೇ ಎಂದು ನಿರ್ಧರಿಸುವಾಗ ಎಚ್ಚರ, ಯಾವ ಚಿಕಿತ್ಸೆ ಎಂದು ನಿರ್ಧರಿಸುವಾಗ ಎಚ್ಚರ, ಚಿಕಿತ್ಸೆ ಕೊಡುವಾಗ ಎಚ್ಚರ. ಮೊತ್ತ ಸಣ್ಣದು, ಆದರೆ ಈ ಮೂರು ಮಾತನ್ನು ಕೋರ್ಟ್‌ಗಳು ಇಂದಿಗೂ ಉಲ್ಲೇಖಿಸುತ್ತವೆ.

ಹಾಗೆಂದು ರೋಗ ಗುಣವಾಗದೆ ಇದ್ದರೆ ಅದು ನಿರ್ಲಕ್ಷ್ಯವಲ್ಲ. ಅದೇ ಪರಿಣತಿಯ ಸಾಮಾನ್ಯ ವೈದ್ಯ ವಹಿಸುವ ಎಚ್ಚರ ಇತ್ತೇ ಎಂಬುದಷ್ಟೇ ಅಳತೆಗೋಲು. ಸರ್ಕಾರಿ ಆಸ್ಪತ್ರೆಗಳಿಗೂ ವಿನಾಯಿತಿ ಇಲ್ಲ. 1963ರಲ್ಲಿ ಔರಂಗಾಬಾದ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ಮಹಿಳೆಯೊಬ್ಬರ ಹೊಟ್ಟೆಯಲ್ಲಿ ಬಟ್ಟೆ ಉಳಿದು ಅವರು ಸತ್ತ ಪ್ರಕರಣದಲ್ಲಿ ಮಹಾರಾಷ್ಟ್ರ ಸರ್ಕಾರವೇ ಹೊಣೆ ಎಂದು 1996ರಲ್ಲಿ ತೀರ್ಪು ಬಂತು. ಅದೇ ವರ್ಷ, ರೈಲಿನಿಂದ ಬಿದ್ದ ವ್ಯಕ್ತಿಗೆ ಕೋಲ್ಕತ್ತಾ ಭಾಗದ ಸರ್ಕಾರಿ ಆಸ್ಪತ್ರೆಗಳು ಹಾಸಿಗೆ ಇಲ್ಲವೆಂದು ಚಿಕಿತ್ಸೆ ನಿರಾಕರಿಸಿದ್ದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಎಂದೂ ಸುಪ್ರೀಂ ಕೋರ್ಟ್ ಹೇಳಿತು.

1995ರ ತೀರ್ಪಿನ ನಂತರ ಹಣ ಪಡೆದು ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬಂದಿವೆ. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಅದರಿಂದ ಹೊರಗೆ.

ಮ್ಯಾನ್‌ಹೋಲ್, ಗುಂಡಿ, ಹೋರ್ಡಿಂಗ್

2017ರ ಆಗಸ್ಟ್ 29ರ ಭಾರಿ ಮಳೆಯಲ್ಲಿ ಮುಂಬೈನ ಹಿರಿಯ ವೈದ್ಯರೊಬ್ಬರು ನೀರು ತುಂಬಿದ ರಸ್ತೆಯಲ್ಲಿ ನಡೆಯುತ್ತಾ ತೆರೆದ ಮ್ಯಾನ್‌ಹೋಲ್‌ಗೆ ಬಿದ್ದು ಸತ್ತರು. 2019ರ ಸೆಪ್ಟೆಂಬರ್‌ನಲ್ಲಿ ಚೆನ್ನೈನಲ್ಲಿ ಫ್ಲೆಕ್ಸ್ ಬ್ಯಾನರ್ ಮೇಲೆ ಬಿದ್ದು ಸ್ಕೂಟರ್‌ನಿಂದ ಉರುಳಿದ ಸಾಫ್ಟ್‌ವೇರ್ ಉದ್ಯೋಗಿ ಯುವತಿಯ ಮೇಲೆ ಟ್ಯಾಂಕರ್ ಹರಿಯಿತು. ಮದ್ರಾಸ್ ಹೈಕೋರ್ಟ್ 5 ಲಕ್ಷ ರೂಪಾಯಿ ಮಧ್ಯಂತರ ಪರಿಹಾರಕ್ಕೆ ಆದೇಶಿಸಿತು. 2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಹೋರ್ಡಿಂಗ್ ಕುಸಿದು 17 ಮಂದಿ ಸತ್ತರು.

ಇಂಥ ಸಾವುಗಳಲ್ಲಿ ವರ್ಷಗಟ್ಟಲೆ ಸಿವಿಲ್ ದಾವೆ ನಡೆಸುವ ಬದಲು ಹೈಕೋರ್ಟ್‌ಗಳು 21ನೇ ವಿಧಿಯ ಅಡಿ ನೇರವಾಗಿ ಪರಿಹಾರ ಕೊಡಿಸುವುದು ಹೆಚ್ಚುತ್ತಿದೆ. 2025ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ರಸ್ತೆ ಗುಂಡಿ ಮತ್ತು ತೆರೆದ ಮ್ಯಾನ್‌ಹೋಲ್‌ನಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ, ಗಾಯಗೊಂಡವರಿಗೆ 50 ಸಾವಿರದಿಂದ 2.5 ಲಕ್ಷ ರೂಪಾಯಿ ನಿಗದಿ ಮಾಡಿತು. ಹಣವನ್ನು ತಪ್ಪಿತಸ್ಥ ಗುತ್ತಿಗೆದಾರರು ಮತ್ತು ಅಧಿಕಾರಿಗಳಿಂದ ವಸೂಲಿ ಮಾಡುವಂತೆಯೂ ಹೇಳಿತು. ಮುಂಬೈ, ಪುಣೆ, ಠಾಣೆಯಲ್ಲಿರುವ ಕನ್ನಡಿಗರು ಈ ಆದೇಶವನ್ನು ನೆನಪಿಡಬೇಕು.

'ಮಾಲೀಕರ ಹೊಣೆ' ಬೋರ್ಡ್ ಹಾಕಿದರೆ ಮುಗಿಯಿತೇ?

ಇಲ್ಲ. ದೆಹಲಿಯ ಪಂಚತಾರಾ ಹೋಟೆಲೊಂದರಲ್ಲಿ 1998ರಲ್ಲಿ ವ್ಯಾಲೆಟ್ ಪಾರ್ಕಿಂಗ್‌ಗೆ ಕೊಟ್ಟ ಕಾರು ಕಳುವಾಯಿತು. ಟೋಕನ್ ಮೇಲೆ ಕಾರು ನಿಲ್ಲಿಸುವುದು ಮಾಲೀಕರ ಸ್ವಂತ ಹೊಣೆ ಎಂದು ಅಚ್ಚಾಗಿತ್ತು. ಕೀಲಿ ಪಡೆದು ಕಾರನ್ನು ವಶಕ್ಕೆ ತೆಗೆದುಕೊಂಡ ಮೇಲೆ ತನ್ನ ನಿರ್ಲಕ್ಷ್ಯದಿಂದ ಆದ ನಷ್ಟಕ್ಕೆ ಹೋಟೆಲ್ ಇಂಥ ಬರಹದ ಹಿಂದೆ ಅಡಗಲಾಗದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ನಿಮ್ಮದೂ ತಪ್ಪಿದ್ದರೆ?

ಪೆಟ್ಟು ತಿಂದವರ ಅಜಾಗರೂಕತೆಯೂ ಸೇರಿದ್ದರೆ ಪರಿಹಾರ ಪೂರ್ತಿ ಇಲ್ಲವಾಗುವುದಿಲ್ಲ, ಅವರ ಪಾಲಿನ ತಪ್ಪಿನಷ್ಟು ಕಡಿಮೆಯಾಗುತ್ತದೆ. ಕೆಲಸದ ವೇಳೆ ನೌಕರ ಮಾಡಿದ ತಪ್ಪಿಗೆ ಮಾಲೀಕ ಹೊಣೆ ಎಂಬ ನಿಯಮವೂ ಇದೆ. ಹಾಗಾಗಿ ಪರಿಹಾರವನ್ನು ಬಡ ಚಾಲಕನಿಂದಲೇ ಕೇಳಬೇಕಿಲ್ಲ, ಸಂಸ್ಥೆಯಿಂದ ಕೇಳಬಹುದು.

ಪೊಲೀಸ್ ಕೇಸ್ ಬೇರೆ, ಪರಿಹಾರ ಬೇರೆ

ಹಲವರು ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ನಿರ್ಲಕ್ಷ್ಯದಿಂದ ಸಾವು ಉಂಟಾದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 106ರ ಅಡಿ 5 ವರ್ಷದವರೆಗೆ ಜೈಲು. ಚಿಕಿತ್ಸೆಯ ವೇಳೆ ನೋಂದಾಯಿತ ವೈದ್ಯರಿಂದ ಆದರೆ 2 ವರ್ಷದವರೆಗೆ. ಹಳೆಯ ಐಪಿಸಿ 304ಎ ಅಡಿ ಎಲ್ಲರಿಗೂ ಗರಿಷ್ಠ 2 ವರ್ಷ ಇತ್ತು.

ಕ್ರಿಮಿನಲ್ ಶಿಕ್ಷೆಗೆ ಅನುಮಾನಕ್ಕೆ ಎಡೆಯಿಲ್ಲದ ಸಾಕ್ಷ್ಯ ಬೇಕು. ಪರಿಹಾರಕ್ಕೆ ಅಷ್ಟು ಬೇಡ, ಯಾರ ಪರ ಸಾಕ್ಷ್ಯ ಹೆಚ್ಚು ತೂಗುತ್ತದೆ ಎಂದು ನೋಡಲಾಗುತ್ತದೆ. ಆರೋಪಿ ಬಿಡುಗಡೆಯಾದ ಮಾತ್ರಕ್ಕೆ ಪರಿಹಾರದ ಹಕ್ಕು ಹೋಗುವುದಿಲ್ಲ.

ಎಲ್ಲಿ ಕೇಳಬೇಕು? ಎಷ್ಟು ದಿನದೊಳಗೆ?

ಊರು ಬಿಟ್ಟು ದುಡಿಯುವವರಿಗೆ ಇದು ಮುಖ್ಯ. ಮನೆ ಮಗ ಪುಣೆಯಲ್ಲೋ ಹೈದರಾಬಾದ್‌ನಲ್ಲೋ ಸತ್ತಿರುತ್ತಾನೆ, ಹೆತ್ತವರು ಕಲಬುರಗಿಯಲ್ಲೋ ಹಾಸನದಲ್ಲೋ ಇರುತ್ತಾರೆ.

ವಾಹನ ಅಪಘಾತ: ಅಪಘಾತ ನಡೆದ ಊರಿನಲ್ಲೇ ಅರ್ಜಿ ಹಾಕಬೇಕಿಲ್ಲ. ಅರ್ಜಿದಾರರು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು. 2019ರ ತಿದ್ದುಪಡಿ 6 ತಿಂಗಳ ಗಡುವು ಹಾಕಿದೆ, ಹಾಗಾಗಿ ತಡಮಾಡಬೇಡಿ. ತಪ್ಪು ಸಾಬೀತು ಮಾಡದೆಯೂ ಸೆಕ್ಷನ್ 164ರ ಅಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಬಹುದು.

ಖಾಸಗಿ ಆಸ್ಪತ್ರೆ, ಹೋಟೆಲ್ ಮುಂತಾದ ಸೇವೆ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರುದಾರರು ಇರುವ ಊರಿನ ಜಿಲ್ಲಾ ಆಯೋಗದಲ್ಲೂ ದೂರು ಕೊಡಬಹುದು. ಗಡುವು 2 ವರ್ಷ.

ಪಾಲಿಕೆ ಅಥವಾ ಸರ್ಕಾರದ ವಿರುದ್ಧ ಸಿವಿಲ್ ದಾವೆ: ಘಟನೆ ನಡೆದ ಸ್ಥಳ ಅಥವಾ ಪ್ರತಿವಾದಿ ಇರುವ ಸ್ಥಳದ ಕೋರ್ಟ್‌ನಲ್ಲಿ ಹೂಡಬೇಕು. ಸರ್ಕಾರಕ್ಕೆ ಮೊದಲು 2 ತಿಂಗಳ ನೋಟಿಸ್ ಕೊಡಬೇಕು. ಮುಂಬೈ, ದೆಹಲಿ ಸೇರಿ ಹಲವು ಪಾಲಿಕೆಗಳ ಕಾಯ್ದೆಗಳಲ್ಲಿ ನೋಟಿಸ್ ಜೊತೆಗೆ 6 ತಿಂಗಳ ಗಡುವೂ ಇದೆ. ಸಾವಿನ ಪ್ರಕರಣದಲ್ಲಿ 1855ರ ಮಾರಣಾಂತಿಕ ಅಪಘಾತ ಕಾಯ್ದೆಯಡಿ ಪತಿ, ಪತ್ನಿ, ಹೆತ್ತವರು ಮತ್ತು ಮಕ್ಕಳ ಪರವಾಗಿ ದಾವೆ ಹೂಡಬಹುದು. ಸಾಮಾನ್ಯ ಗಡುವು 2 ವರ್ಷ. ನಿಮ್ಮ ಪ್ರಕರಣಕ್ಕೆ ಯಾವ ಗಡುವು ಅನ್ವಯಿಸುತ್ತದೆ ಎಂಬುದನ್ನು ಮೊದಲ ವಾರಗಳಲ್ಲೇ ವಕೀಲರಿಂದ ತಿಳಿದುಕೊಳ್ಳಿ.

ಏನೇನು ಎತ್ತಿಡಬೇಕು?

ಸ್ಥಳದ ಫೋಟೋ ಮತ್ತು ವಿಡಿಯೋ ಅಂದೇ ತೆಗೆಯಿರಿ. ಗುಂಡಿ ಮರುದಿನ ಮುಚ್ಚಿಹೋಗುತ್ತದೆ, ಮರ ಕತ್ತರಿಸಿ ಸಾಗಿಸಲಾಗುತ್ತದೆ. ಎಫ್‌ಐಆರ್, ಪಂಚನಾಮೆ, ಮರಣೋತ್ತರ ಪರೀಕ್ಷೆ ವರದಿ, ಆಸ್ಪತ್ರೆ ದಾಖಲೆ, ಬಿಲ್ಲುಗಳ ಪ್ರತಿ ಇಟ್ಟುಕೊಳ್ಳಿ. ಮೃತರ ವೇತನ ಚೀಟಿ ಮತ್ತು ವಯಸ್ಸಿನ ದಾಖಲೆ ಬೇಕು, ಏಕೆಂದರೆ ಪರಿಹಾರದ ಲೆಕ್ಕ ಅವುಗಳ ಮೇಲೆ ನಿಲ್ಲುತ್ತದೆ. ಅದೇ ಜಾಗದ ಬಗ್ಗೆ ಮೊದಲು ಯಾರಾದರೂ ದೂರು ಕೊಟ್ಟಿದ್ದರೇ ಎಂದು ಮಾಹಿತಿ ಹಕ್ಕಿನಡಿ ಕೇಳಿ. 'ಅಪಾಯ ಗೊತ್ತಿತ್ತು' ಎಂದು ತೋರಿಸಲು ಇದಕ್ಕಿಂತ ಗಟ್ಟಿ ಕಾಗದ ಇಲ್ಲ.

ವಕೀಲರಿಗೆ ಹಣ ಇಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಉಚಿತ ನೆರವಿಗೆ ಅರ್ಹರು.

ಕೊನೆಗೊಂದು ಲೆಕ್ಕ. ಗಡಿಯಾರ ಗೋಪುರದ ಕುಟುಂಬಗಳಿಗೆ ಅಂತಿಮ ತೀರ್ಪು ಬರಲು 15 ವರ್ಷ ಹಿಡಿಯಿತು. ರಾಜ್‌ಕೋಟ್‌ನ ಕುಟುಂಬ 22 ವರ್ಷ ಕಾದು ಸೋತಿತು. ಬೇವಿನ ಕೊಂಬೆ ಬಿದ್ದದ್ದು 1964ರಲ್ಲಿ, ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 1999ರಲ್ಲಿ, ಅಂದರೆ 35 ವರ್ಷದ ನಂತರ. ಹೊಣೆ ಯಾರದು ಎಂಬುದನ್ನು ಈ ತೀರ್ಪುಗಳು ಈಗ ಸ್ಪಷ್ಟಪಡಿಸಿವೆ. ಹಾಗಾಗಿ ಇಂದು ಕೋರ್ಟ್‌ಗೆ ಹೋಗುವ ಕುಟುಂಬ ಮೊದಲಿನಿಂದ ವಾದ ಶುರು ಮಾಡಬೇಕಿಲ್ಲ. ಅಪಾಯ ಗೊತ್ತಿತ್ತು ಎಂಬ ದಾಖಲೆಯನ್ನು ಕೈಯಲ್ಲಿಟ್ಟುಕೊಂಡು, ಗಡುವಿನೊಳಗೆ ಹೋದರೆ ಅರ್ಧ ದಾರಿ ಸವೆದಂತೆ.